ಸಂಸ್ಕೃತ ತೆಗೆದುಕೊಂಡವರ ಸಾಲು

ಯಾವ ಪರೀಕ್ಷೆ ಕಷ್ಟ, ಯಾವುದಕ್ಕೆ ಜನ ಹೆಚ್ಚು ಎಂದು ನೀವಿಬ್ಬರೂ ಮೊನ್ನೆ ಊಟದ ಹೊತ್ತಿನಲ್ಲಿ ಜಗಳಕ್ಕೇ ನಿಂತಿರಿ. ಒಬ್ಬಳು ಸಿಇಟಿ ಎಂದಳು, ಇನ್ನೊಬ್ಬ ನೀಟ್ ಎಂದ. ನಾನು ಬಾಯಿ ಹಾಕಲಿಲ್ಲ. ನಾಲ್ಕು ಜನರ ಮುಂದೆ ನನಗೆ ಈಗಲೂ ನಾಲಿಗೆ ಏಳುವುದಿಲ್ಲ, ಮೊಮ್ಮಕ್ಕಳ ಮುಂದೆಯೂ ಅಷ್ಟೇ. ಬರೆಯುವುದಾದರೆ ಪರವಾಗಿಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು, ಅಕ್ಷರ ಇನ್ನೂ ಕೈಬಿಟ್ಟಿಲ್ಲ.

ಇದು ನಿಮ್ಮಮ್ಮ ಪಿಯುಸಿ ಸೇರಿದ ಕಾಲದ ಮಾತು. ಆಗ ನಾವು ಕೈಲಾಂಚದ ಹತ್ತಿರದ ಊರಿನಲ್ಲಿದ್ದೆವು. ನಿಮ್ಮ ತಾತ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ನನ್ನ ಮೈದುನನ ಕೈಗೆ ಬಂದಿತ್ತು. ಅವನೇನೂ ಕೆಟ್ಟವನಲ್ಲ. ಆದರೆ ಹೆಣ್ಣುಮಗಳ ಓದಿಗೆ ಒಂದು ಗೆರೆ ಎಳೆದಿಟ್ಟಿದ್ದ.

“ನೋಡತ್ಗೆ, ಪಿಯುಸಿ ಓದ್ಲಿ, ಬ್ಯಾಡ ಅನ್ನಕಿಲ್ಲ. ಆಮ್ಯಾಕೆ ಟಿಸಿಎಚ್ ಸೀಟು ಸಿಕ್ರೆ ಮೇಡಮ್ಮು ಆಯ್ತಾಳೆ, ಆಗ್ಲಿ. ಸಿಕ್ನಿಲ್ಲ ಅಂದ್ರೆ ಬೈರಾಪಟ್ಟಣದೋರು ಕೇಳ್ತಾವ್ರೆ, ಕೊಟ್ಬುಡವ. ಇನ್ನೊಂದು ವರ್ಸ ನೋಡವ ಅನ್ನೋ ಮಾತು ಮಾತ್ರ ಎತ್ತಬ್ಯಾಡಿ.”

ಟಿಸಿಎಚ್ ಎಂದರೆ ಪ್ರೈಮರಿ ಶಾಲೆಯ ಮೇಷ್ಟರಾಗುವವರ ತರಬೇತಿ. ಅದರ ಸೀಟನ್ನು ಪಿಯುಸಿಯಲ್ಲಿ ಬಂದ ಒಟ್ಟು ಅಂಕ ನೋಡಿ ಕೊಡುತ್ತಿದ್ದರು. ಒಟ್ಟು ಎಂದರೆ ಭಾಷೆಯ ಅಂಕವೂ ಸೇರಿ. ನಿಮ್ಮಮ್ಮನಿಗೆ ಇದ್ದದ್ದು ಆ ಒಂದೇ ಬಾಗಿಲು.

ರಾಮನಗರದ ಕಾಲೇಜಿಗೆ ಸೇರಿ ಬಂದ ಸಂಜೆ ಅವಳು ಹುಳುಮನೆಯ ಬಾಗಿಲಲ್ಲಿ ನಿಂತು, “ಅವ್ವ, ನಾನು ಕನ್ನಡ ಬುಟ್ಟು ಸಂಸ್ಕೃತ ತಗಂಡೆ” ಎಂದಳು.

ನಾನು ರೇಷ್ಮೆಹುಳುವಿನ ತಟ್ಟೆಗೆ ಸೊಪ್ಪು ಹಾಕುತ್ತಿದ್ದೆ. ಕೈ ಅಲ್ಲೇ ನಿಂತಿತು. ನಮ್ಮ ಮನೆಯಲ್ಲಿ ಸಂಸ್ಕೃತ ಕೇಳಿಸುತ್ತಿದ್ದದ್ದು ಮದುವೆಗೋ ತಿಥಿಗೋ ಪುರೋಹಿತರು ಬಂದಾಗ ಮಾತ್ರ. ಅವರು ಹೋದ ಮೇಲೆ ಅದೂ ಹೋಗುತ್ತಿತ್ತು.

“ಯಾಕವ್ವ? ಎಸೆಸೆಲ್ಸೀಲಿ ಕನ್ನಡ ಚೆಂದಾಗೇ ಬಂದಿತ್ತಲ್ಲ ನಿಂಗೆ?”

“ಸಂಸ್ಕೃತ ಸುಲಭ ಅಂತೆ. ಕನ್ನಡದಲ್ಲಿ ಎಷ್ಟು ಬರುದ್ರೂ ಮಾರ್ಕ್ಸ್ ಕೊಡಕಿಲ್ವಂತೆ. ಎಲ್ರೂ ಅದ್ನೇ ತಗತಾವ್ರೆ.”

“ಎಲ್ರೂ ಅಂದ್ರೆ ಯಾರು?”

“ಎಲ್ರೂ ಅಂದ್ರೆ ಎಲ್ರೂ ಕಣವ್ವ. ಸಾಲು ಬಾಗಿಲಾಚೆಗಂಟ ನಿಂತಿತ್ತು.”

ಆ ಸಾಲೇ ನನಗೆ ಹಿಡಿಸಲಿಲ್ಲ. ಅದಕ್ಕೆ ಹಿಂದಿನ ಬೇಸಿಗೆಯಲ್ಲಿ ಯಾವನೋ ಊರಿಗೆ ಬಂದು, ತನ್ನ ಹುಳುಮೊಟ್ಟೆ ಬಹಳ ಸಲೀಸು, ಸೊಪ್ಪೂ ಕಡಿಮೆ ಸಾಕು, ಕೆಲಸವೂ ಕಡಿಮೆ ಎಂದು ಹೊಗಳಿ ಮಾರಿದ್ದ. ಊರಿಗೆ ಊರೇ ಮುಗಿಬಿದ್ದು ತೆಗೆದುಕೊಂಡಿತ್ತು. ಹುಳುಗಳೆಲ್ಲ ಗೂಡು ಕಟ್ಟುವ ಮೊದಲೇ ಸತ್ತವು. ಅಂದಿನಿಂದ ಯಾರಾದರೂ ಒಂದನ್ನು ಸುಲಭ ಎಂದರೆ ನನಗೆ ಮೊದಲು ಅನುಮಾನ ಹುಟ್ಟುತ್ತಿತ್ತು. ಹುಟ್ಟಿದಂದಿನಿಂದ ಆಡುತ್ತಿರುವ ಮಾತು ಕಷ್ಟ, ಕಿವಿಗೇ ಬೀಳದ ಮಾತು ಸುಲಭ ಎಂದರೆ ಯಾರು ನಂಬುತ್ತಾರೆ? ಯಾರೋ ಯಾವುದೋ ಲಾಭಕ್ಕೆ ಈ ಮಕ್ಕಳನ್ನು ಅತ್ತ ತಳ್ಳುತ್ತಿದ್ದಾರೆ ಎಂದುಕೊಂಡೆ. ಲಾಭ ಏನೆಂದು ಮಾತ್ರ ಹೊಳೆಯಲಿಲ್ಲ.

ಕೆಲವು ದಿನಗಳಾದ ಮೇಲೆ ಅನುಮಾನ ಮಗಳ ಕಡೆಗೇ ತಿರುಗಿತು. ಸೊಪ್ಪು ಬಿಡಿಸುತ್ತಾ ಅವಳು ಬಾಯಿಪಾಠ ಮಾಡುತ್ತಿದ್ದಳು. ಕಿವಿಗೊಟ್ಟೆ. ರಾಜನೊಬ್ಬ ಕಾಡಿಗೆ ಹೋದ, ಅಲ್ಲಿ ಋಷಿಯನ್ನು ಕಂಡ, ಇಂಥದೇನೋ. ಎಲ್ಲವೂ ಅಚ್ಚಕನ್ನಡ.

“ಏನ್ ಓದ್ತಿದ್ದೀಯವ್ವ?”

“ಸಂಸ್ಕೃತ.”

“ಇದು ಕನ್ನಡ ಅಲ್ವ?”

“ಉತ್ರ ಕನ್ನಡದಲ್ಲೇ ಬರೀಬೋದವ್ವ.”

“ಸಂಸ್ಕೃತದ ಪರೀಕ್ಷೆಗೆ ಕನ್ನಡದಲ್ಲಿ ಉತ್ರವ?”

“ಊಂ. ಸುಮಾರೆಲ್ಲ ಅಂಗೇ ಬರೀಬೋದು.”

“ನನ್ನ ಏನ್ ಹಳ್ಳಿ ಗುಗ್ಗು ಅಂದ್ಕಂಡಿದ್ದೀಯ?”

ಅವಳು ಬಿದ್ದು ಬಿದ್ದು ನಕ್ಕಳು. ಆ ನಗು ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಇವಳು ಆ ತರಗತಿಗೆ ಹೋಗುತ್ತಲೇ ಇಲ್ಲ, ಆ ಹೊತ್ತಿಗೆ ಬೇರೆಲ್ಲೋ ಇರುತ್ತಾಳೆ, ಬಾಯಿಗೆ ಬಂದದ್ದು ಹೇಳಿ ನನ್ನನ್ನು ಸಾಗಹಾಕುತ್ತಿದ್ದಾಳೆ ಎಂದೇ ನಂಬಿದೆ. ಮೈದುನನಿಗೆ ಹೇಳಿದ್ದರೆ ಅಂದೇ ಓದು ಬಿಡಿಸುತ್ತಿದ್ದ. ಹೇಳಲಿಲ್ಲ. ಹುಳುವಿಗೆ ಸುಣ್ಣದಪುಡಿ ತರುತ್ತೇನೆಂದು ನೆಪ ಹೇಳಿ ಬಸ್ಸು ಹತ್ತಿದೆ.

ಕಾಲೇಜಿನ ಜಗುಲಿಯಲ್ಲಿ ಕಂಬದ ಮರೆಗೆ ನಿಂತು ಒಂದೊಂದೇ ಕೋಣೆಯನ್ನು ನೋಡುತ್ತಾ ಬಂದೆ. ಮೂಲೆಯ ಕೋಣೆಯಲ್ಲಿ ಮಕ್ಕಳು ಬೆಂಚಿನ ತುದಿಯವರೆಗೂ ಒತ್ತಿ ಕೂತಿದ್ದರು. ಮಧ್ಯದಲ್ಲಿ ನಿಮ್ಮಮ್ಮನ ಜಡೆ ಕಂಡಿತು. ಮೇಷ್ಟ್ರು ಒಂದು ಶ್ಲೋಕವನ್ನು ರಾಗವಾಗಿ ಓದಿದರು. ಆಮೇಲೆ ಅದನ್ನೆಲ್ಲ ಕನ್ನಡದಲ್ಲೇ ಬಿಡಿಸಿ ಹೇಳಿದರು. ಮಕ್ಕಳು ಬರೆದುಕೊಂಡರು. ಮಗಳು ಹೇಳಿದ್ದು ಸುಳ್ಳಲ್ಲ. ಸಮಾಧಾನವೇನೋ ಆಯಿತು, ಆದರೆ ಅರ್ಧ ಗಳಿಗೆಯೂ ಉಳಿಯಲಿಲ್ಲ. ಪಕ್ಕದ ಕೋಣೆಯಲ್ಲಿ ಹತ್ತಿಪ್ಪತ್ತು ಮಕ್ಕಳು ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. ಅದು ಕನ್ನಡದ ತರಗತಿ.

ಅದರ ಮೇಷ್ಟ್ರು ಸೀಮೆಸುಣ್ಣ ಹಿಡಿದು ಬಾಗಿಲ ಬಳಿ ನಿಂತಿದ್ದರು. ನನ್ನನ್ನು ನೋಡಿ, “ಯಾರು ಬೇಕಮ್ಮ?” ಎಂದರು.

ಆ ತುಂಬಿದ ಕೋಣೆಯ ಕಡೆ ಕೈ ತೋರಿಸಿದೆ.

“ಅಲ್ಲಿ ಜಾಗ ಇಲ್ಲ. ಕೂರಬೇಕು ಅಂದ್ರೆ ನನ್ನ ಕ್ಲಾಸಿಗೆ ಬನ್ನಿ, ಬೇಕಾದಷ್ಟು ಬೆಂಚು ಖಾಲಿ ಇದೆ.”

ಅವರು ನಕ್ಕದ್ದರಿಂದ ನನಗೆ ಒಸಿ ಧೈರ್ಯ ಬಂತು. ಸೆರಗಿನ ಮರೆಯಿಂದಲೇ ಕೇಳಿದೆ. “ಸಂಸ್ಕೃತ ದಿಟವಾಗ್ಲೂ ಸುಲಭವ, ಸಾ?”

“ಸಂಸ್ಕೃತ ಸುಲಭ ಅಲ್ಲಮ್ಮ. ಸಂಸ್ಕೃತದ ಪರೀಕ್ಷೆ ಸುಲಭ.”

“ಅಂಗಂದ್ರೆ?”

“ಅವರು ಕೇಳೋದು ಒಂದಿಷ್ಟೇ. ಅಷ್ಟನ್ನ ಕಲಿತರೆ ಧಾರಾಳವಾಗಿ ಅಂಕ ಕೊಡ್ತಾರೆ. ನಮ್ಮ ಕಡೆ ಹಾಗಲ್ಲ. ಹಳಗನ್ನಡ ಬೇಕು, ವ್ಯಾಕರಣ ಬೇಕು, ಪುಟಗಟ್ಟಲೆ ಬರೀಬೇಕು. ಅಷ್ಟು ಬರೆದರೂ ತಿದ್ದೋರ ಕೈ ಬಿಗಿ.”

“ಅಂಗಾದ್ರೆ ನನ್ ಮಗಳ್ನ ಕನ್ನಡಕ್ಕೆ ಬದ್ಲಾಯಿಸ್ಲಾ, ಸಾ?”

ಅವರು ತುಂಬಿದ ಕೋಣೆಯ ಕಿಟಕಿಯನ್ನು ನೋಡಿದರು.

“ಕಿಟಕಿ ಪಕ್ಕ, ಎರಡು ಜಡೆ ಹಾಕ್ಕೊಂಡು ಕೂತಿದಾಳಲ್ಲ, ಅವಳು ನನ್ನ ಮಗಳು.”

ಅಷ್ಟು ಹೇಳಿ ತಮ್ಮ ಖಾಲಿ ಬೆಂಚುಗಳ ಕಡೆ ಹೊರಟುಹೋದರು.

ಮಗಳನ್ನು ಬದಲಾಯಿಸಲಿಲ್ಲ. ನೆಮ್ಮದಿಯೂ ಸಿಗಲಿಲ್ಲ. ಕನ್ನಡದ ಮೇಷ್ಟ್ರೇ ಮಗಳನ್ನು ಅಲ್ಲಿ ಕೂರಿಸಿದ್ದಾರೆ ಎಂದರೆ ಈ ದಾರಿ ಎಲ್ಲರಿಗೂ ಗೊತ್ತಾಗಿದೆ. ಎಲ್ಲರಿಗೂ ಗೊತ್ತಾದದ್ದು ಮೇಲಿನವರಿಗೆ ಗೊತ್ತಾಗದೆ ಇರುತ್ತದೆಯೇ? ಕನ್ನಡ ಶಾಲೆಯ ಮಕ್ಕಳಿಗೆ ಪಾಠ ಹೇಳುವವಳು ಕನ್ನಡವನ್ನೇ ಬಿಟ್ಟು ಬಂದಿದ್ದಾಳೆ ಎಂದು ಸೀಟು ಕೊಡುವ ದಿನ ಯಾರಾದರೂ ತಡೆಯುತ್ತಾರೆ, ಆ ತಡೆ ನನ್ನ ಮಗಳ ಸರದಿಗೇ ಸರಿಯಾಗಿ ಬೀಳುತ್ತದೆ ಎಂಬ ಭಯ ಎರಡು ವರ್ಷವೂ ನನ್ನ ಎದೆಯಲ್ಲಿತ್ತು. ಬೈರಾಪಟ್ಟಣದವರು ಹಬ್ಬಕ್ಕೆ ಬಂದು ಹೋಗಿ ಮಾಡುತ್ತಲೇ ಇದ್ದರು. ಬಂದಾಗಲೆಲ್ಲ ನಿಮ್ಮಮ್ಮ ಹುಳುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಫಲಿತಾಂಶ ಬಂದಾಗ ಉಳಿದ ಎಲ್ಲ ವಿಷಯಗಳಿಗಿಂತ ಸಂಸ್ಕೃತದಲ್ಲೇ ಹೆಚ್ಚು ಅಂಕ ಬಂದಿತ್ತು. ಬೇರೆ ಯಾರದೋ ಅಂಕ ಇವಳಿಗೆ ಬಂದಿರಬೇಕು ಎಂದು ನಾನು ಹೆಸರನ್ನೂ ನಂಬರನ್ನೂ ಮತ್ತೆ ಮತ್ತೆ ಓದಿಸಿದೆ. ಮೈದುನ ಮಾತ್ರ ತೊಡೆ ತಟ್ಟಿಕೊಂಡು ನಕ್ಕ.

“ಏನತ್ಗೆ, ಇವಳು ಪುರೋಯಿತ್ರ ಅನ್ನಕ್ಕೇ ಕಲ್ಲಾಕಂಗವ್ಳೆ! ನನ್ ಮಗನ ಮದ್ವೆಗೆ ಇವಳ್ನೇ ಕರುಸ್ತೀನಿ, ದಕ್ಸಿಣೆ ಉಳೀತದೆ.”

ಸೀಟು ಹಂಚುವ ದಿನ ಅವಳ ಜೊತೆ ನಾನೇ ಹೋದೆ. ಒಂದು ದೊಡ್ಡ ಶಾಲೆಯ ಪಡಸಾಲೆ. ಅಪ್ಪಂದಿರು, ಅಣ್ಣಂದಿರು ತುಂಬಿದ್ದರು. ಹೆಂಗಸರು ಕಡಿಮೆ. ಗೋಡೆ ಪಕ್ಕದ ಬೆಂಚಿನಲ್ಲಿ ಮಾಗಡಿ ಕಡೆಯ ಒಬ್ಬ ತಾಯಿ ಮಗಳ ಜೊತೆ ಕೂತಿದ್ದಳು. ನನಗೂ ಜಾಗ ಬಿಟ್ಟಳು. ಎಲೆಅಡಿಕೆ ಕೊಟ್ಟಳು. ಅವಳ ಮಗಳನ್ನು, ಸೀಟು ಉಳಿದರೆ ಕರೆಯುತ್ತೇವೆ ಎಂದು ಕೂರಿಸಿದ್ದರಂತೆ.

“ಚೆಂದಾಗೇ ಓದ್ತಾಳೆ ಕಣಕ್ಕ. ಇತಿಹಾಸದಾಗೆ ಕಾಲೇಜಿಗೇ ಮೊದ್ಲು. ಕನ್ನಡದಾಗೆ ಒಸಿ ಕಮ್ಮಿ ಬಂದ್ಬುಡ್ತು, ಅದುಕ್ಕೇ ಇಂಗಾಯ್ತು” ಎಂದಳು.

ನಾನು ಎಲೆಗೆ ಸುಣ್ಣ ಸವರುತ್ತಾ ತಲೆ ತಗ್ಗಿಸಿದೆ. ಅಷ್ಟರಲ್ಲಿ ಒಳಗೆ ನಿಮ್ಮಮ್ಮನ ಹೆಸರು ಕೂಗಿದರು. ತೆರೆದ ಬಾಗಿಲಿನಿಂದ ಎಲ್ಲವೂ ಕೇಳಿಸುತ್ತಿತ್ತು.

“ಕನ್ನಡ ಓದಿಲ್ವಾ?” ಮೇಜಿನ ಹಿಂದಿನ ಸಾಹೇಬರ ದನಿ.

ಬಂತು ಎಂದುಕೊಂಡೆ. ಬೆಂಚಿನ ತುದಿಯನ್ನು ಬಿಗಿಯಾಗಿ ಹಿಡಿದೆ.

“ಎಸೆಸೆಲ್ಸಿವರೆಗೂ ಓದಿದೀನಿ ಸರ್.”

“ಪಿಯುಸೀಲಿ?”

“ಸಂಸ್ಕೃತ ಸರ್.”

“ಏನ್ರೀ ಇದು, ಬೆಳಗ್ಗೆಯಿಂದ ಬಂದೋರೆಲ್ಲ ಸಂಸ್ಕೃತ ಪಂಡಿತರೇ!” ಎಂದು ಅವರು ಪಕ್ಕದವರಿಗೆ ಹೇಳಿದರು. ಇಬ್ಬರೂ ನಕ್ಕರು. ಮೊಹರು ಒತ್ತಿದ ಸದ್ದು ಕೇಳಿತು.

ಅಷ್ಟೇ. ನಾನು ಎರಡು ವರ್ಷ ಕಾದಿದ್ದ ತಡೆ ಅಲ್ಲಿ ಇರಲೇ ಇಲ್ಲ. ಮಾಗಡಿಯ ತಾಯಿ ನನ್ನ ಕಡೆ ತಿರುಗಿದ್ದಳು.

“ನಿಮ್ಮುಡ್ಗೀದು ಸಂಸ್ಕೃತವ?”

“ಊಂ.”

“ನೀವು ಬೇಸಾಯದೋರು ಅಂದ್ರಲ್ಲ?”

“ಊಂ, ಹುಳ ಸಾಕ್ತೀವಿ.”

“ಅಂಗಾದ್ರೆ ನಿಮಗೆ ಯಾರೋ ಮೊದ್ಲೇ ಏಳ್ಕೊಟ್ಟವ್ರೆ. ಒಳಗಿನೋರು ಯಾರೋ ಗೊತ್ತವ್ರೆ ನಿಮ್ಗೆ.”

ಹಾಗಲ್ಲ ಎನ್ನಬೇಕಿತ್ತು. ಕಾಲೇಜಿನ ಸಾಲು, ನನ್ನ ಭಯ, ಕಿಟಕಿ ಪಕ್ಕದ ಆ ಹುಡುಗಿ, ಎಲ್ಲವನ್ನೂ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ನಾನು ಸುಮ್ಮನಿದ್ದಷ್ಟೂ ಅವಳ ಮುಖದಲ್ಲಿ ಅನುಮಾನ ಗಟ್ಟಿಯಾಗುತ್ತಾ ಹೋಯಿತು. ಎಲೆಅಡಿಕೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಮಗಳ ರಟ್ಟೆ ಹಿಡಿದು ಎಬ್ಬಿಸಿ ಆಚೆ ಬೆಂಚಿಗೆ ಹೋಗಿ ಕೂತಳು. ಆ ಹುಡುಗಿ ಮಾತ್ರ ತಿರುಗಿ ತಿರುಗಿ ಬಾಗಿಲನ್ನೇ ನೋಡುತ್ತಿದ್ದಳು.

ನಿಮ್ಮಮ್ಮ ಚೀಟಿ ಹಿಡಿದು ಓಡಿಬಂದಳು. “ಅವ್ವ, ಸಿಕ್ತು! ಸಿಕ್ತು ಕಣವ್ವ!”

“ಮೆತ್ತಗೆ ಮಾತಾಡು” ಎಂದು ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ.