ಮುನಿರ್ಕಾದಲ್ಲಿ ಕಡಲು ಎರೆಯುವ ವೈಜಯಂತಿ

ಬೆಳಗಿನ ಆರು ಗಂಟೆ. ದೆಹಲಿಯ ಮುನಿರ್ಕಾದ ಗಲ್ಲಿಯಲ್ಲಿ ಹಾಲಿನ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೇಲಿನ ಮಹಡಿಗಳ ಬಾಡಿಗೆ ಕೋಣೆಗಳಲ್ಲಿ ವಿದ್ಯಾರ್ಥಿಗಳಿಗೆ ಈಗಷ್ಟೇ ನಿದ್ದೆ ಹತ್ತಿದೆ. ನೆಲಮಹಡಿಯ ವರ್ಕ್‌ಶಾಪಿನಲ್ಲಿ ವೈಜಯಂತಿ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಡಲು ಕಲಸುತ್ತಿದ್ದಾರೆ. ಎರಡು ಪಾಲು ರಾಳ, ಒಂದು ಪಾಲು ಅದನ್ನು ಗಟ್ಟಿ ಮಾಡುವ ದ್ರವ, ಸೂಜಿಮೊನೆಯಲ್ಲಿ ನಿಲ್ಲುವಷ್ಟು ನೀಲಿ. ಏಳು ನಿಮಿಷ ಕೈ ನಿಲ್ಲಿಸುವಂತಿಲ್ಲ, ಜೋರಾಗಿ ತಿರುಗಿಸುವಂತೆಯೂ ಇಲ್ಲ. ಒಂದು ಗುಳ್ಳೆ ಎದ್ದರೂ ಸಮುದ್ರ ಕೆಟ್ಟಿತೆಂದೇ ಲೆಕ್ಕ.

“ಬೆಳಿಗ್ಗೆ ಧೂಳು ನೆಲದ ಮೇಲೆ ಮಲಗಿರತ್ತೆ. ಎಂಟಕ್ಕೆ ಎದ್ದುಬಿಡತ್ತೆ. ಅಷ್ಟರೊಳಗೆ ಎರೆದು ಮುಚ್ಚಿಡಬೇಕು,” ಎನ್ನುತ್ತಾರೆ ಅವರು, ಕಣ್ಣು ಪಾತ್ರೆಯಿಂದ ಎತ್ತದೆ.

ಮೇಜಿನ ಮೇಲೆ ನಾಲ್ಕಡಿ ಅಗಲದ ಹಲಗೆ. ಅದರಲ್ಲೊಂದು ಹೊಳೆ ಸಮುದ್ರ ಸೇರುವ ಜಾಗ, ದಡದಲ್ಲಿ ಮೂರು ಗೋಪುರ ಕಟ್ಟಡಗಳು, ಒಂದು ರೆಸಾರ್ಟು, ಉಗುರಿನಷ್ಟಗಲದ ಈಜುಕೊಳಗಳು. ಗುರುಗ್ರಾಮ, ನೋಯ್ಡಾದ ಆರ್ಕಿಟೆಕ್ಟುಗಳು ಹೂಡಿಕೆದಾರರ ಮುಂದೆ ತಮ್ಮ ಕನಸು ಬಿಚ್ಚುವ ಮೊದಲು ಅದನ್ನು ಇಂಥ ಹಲಗೆಗಳ ಮೇಲೆ ಕಟ್ಟಿಸುತ್ತಾರೆ. ಗೋಡೆ, ಗಾಜು, ಮರಗಳನ್ನು ಇಲ್ಲಿನ ಬೇರೆ ಕೈಗಳು ಮಾಡುತ್ತವೆ. ನೀರು ಮಾತ್ರ ಹತ್ತೊಂಬತ್ತು ವರ್ಷದಿಂದ ವೈಜಯಂತಿಯವರದೇ.

ಈವರೆಗೆ ಇನ್ನೂರ ಹದಿನಾಲ್ಕು ಮಾದರಿಗಳಿಗೆ ನೀರು ಎರೆದಿದ್ದಾರೆ. ಒಂದೊಂದಕ್ಕೂ ನಾಲ್ಕು ಪದರ, ಪದರಕ್ಕೊಂದು ದಿನ. ಜನವರಿಯ ಚಳಿಗೆ ರಾಳ ಗಟ್ಟಿಯಾಗಲು ಮೂರು ದಿನ ಸತಾಯಿಸುತ್ತದೆ, ಮೇ ತಿಂಗಳಲ್ಲಿ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಅಲೆ ಎಬ್ಬಿಸಲು ಚಮಚದ ಹಿಂಬದಿ, ನೊರೆ ಚಿಮುಕಿಸಲು ಹಳೆಯ ಟೂತ್‌ಬ್ರಷ್ಷು. ಇಷ್ಟೆಲ್ಲ ಮಾಡಿದ ಮಾದರಿಗಳಲ್ಲಿ ನಿಜವಾಗಿ ಕಟ್ಟಡವಾಗಿದ್ದು, ಅವರಿಗೆ ತಿಳಿದಂತೆ, ಒಂಬತ್ತು. ಕಣ್ಣಾರೆ ಕಂಡಿದ್ದು ಒಂದೇ, ಮಾನೇಸರ್ ಕಡೆಯ ಒಂದು ಕ್ಲಬ್ಬಿನ ಕೊಳ. ಒಂದು ಭಾನುವಾರ ಗಂಡನನ್ನೂ ಮಗಳನ್ನೂ ಹೊರಡಿಸಿಕೊಂಡು ಹೋದರೆ ಕಾವಲುಗಾರ ಒಳಗೆ ಬಿಡಲಿಲ್ಲ. ಗೇಟಿನ ಸಂದಿಯಿಂದ ನೋಡಿ ಬಂದರು. “ಪಾಚಿ ಕಟ್ಟಿತ್ತು. ನನ್ನದೇ ಚೆನ್ನಾಗಿತ್ತು,” ಎಂದು ನಗುತ್ತಾರೆ.

ಮದುವೆಯಾಗಿ ದೆಹಲಿಗೆ ಬಂದಾಗ ಅವರಿಗೆ ಇಪ್ಪತ್ತೆರಡು, ಈಗ ಐವತ್ತಮೂರು. ಗಂಡ ಇಂದುಶೇಖರ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ಮನೆ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸು. ವೈಜಯಂತಿ ಹುಟ್ಟಿದ್ದು ಉತ್ತರ ಕನ್ನಡದ ತೆಂಕಣಕೇರಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ದಡದಲ್ಲಿ. ಅಪ್ಪ ಅಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದರು. ಇಳಿತದ ಹೊತ್ತಿಗೆ ಅಮ್ಮನ ಜೊತೆ ಮರಳುದಿಬ್ಬಕ್ಕೆ ಹೋಗಿ ಬಳಚು, ಅಂದರೆ ತಿನ್ನುವ ಚಿಪ್ಪಿ, ಹೆಕ್ಕುವುದು ಮಗಳ ಕೆಲಸ. ಕೆಸರಿನೊಳಗಿನ ಚಿಪ್ಪನ್ನು ಪಾದದಿಂದಲೇ ಗುರುತು ಹಿಡಿಯುತ್ತಿದ್ದೆ ಎನ್ನುವಾಗ ಅವರ ಕಾಲಬೆರಳುಗಳು ಚಪ್ಪಲಿಯೊಳಗೆ ಅಲ್ಲಾಡುತ್ತವೆ. ಅಪ್ಪ ಅಮ್ಮ ತೀರಿಕೊಂಡು, ಅಣ್ಣ ಮನೆ ಮಾರಿ ಹುಬ್ಬಳ್ಳಿ ಸೇರಿದ ಮೇಲೆ ಆ ಕಡೆ ಹೋಗಲು ನೆಪವೇ ಉಳಿಯಲಿಲ್ಲ. ಹನ್ನೊಂದು ವರ್ಷವಾಯಿತು.

ಸರ್ಕಾರಿ ನೌಕರರಿಗೆ ಊರಿಗೆ ಹೋಗಿಬರಲು ಎಲ್‌ಟಿಸಿ ಎಂಬ ಪ್ರಯಾಣ ಸೌಲಭ್ಯವಿದೆ. ಅದಕ್ಕೆ ನೌಕರಿಗೆ ಸೇರಿದಾಗಲೇ ‘ಹೋಮ್ ಟೌನ್’ ಯಾವುದೆಂದು ಬರೆದುಕೊಡಬೇಕು. ಇಂದುಶೇಖರರ ಸರ್ವಿಸ್ ಬುಕ್ಕಿನಲ್ಲಿ ಇರುವುದು ದಾವಣಗೆರೆ. ಮೂವತ್ತು ವರ್ಷ ಈ ಮನೆಯವರು ಊರಿಗೆ ಹೊರಟರೆಂದರೆ ದಾವಣಗೆರೆಗೇ. ಅಲ್ಲಿಂದ ತೆಂಕಣಕೇರಿ ಎಷ್ಟು ದೂರ, ಮಹಾ. ಆದರೆ ಅತ್ತೆಮನೆಯ ಮದುವೆ, ನಾಮಕರಣಗಳ ನಡುವೆ ಆ ಒಂದು ದಿನ ಬಹುತೇಕ ಸಲ ಸಿಕ್ಕಿದ್ದೇ ಇಲ್ಲ. ವೈಜಯಂತಿಯವರ ಊರು ದೆಹಲಿಯ ಯಾವ ಕಾಗದದಲ್ಲೂ ಇರಲಿಲ್ಲ.

ಇತ್ತು ಎಂದು ಗೊತ್ತಾದದ್ದು ಈ ಆಗಸ್ಟಿನಲ್ಲಿ. ವರ್ಕ್‌ಶಾಪಿನ ಮಾಲೀಕ ದಿಲೀಪ್ ಹೊಸ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿದರು. ಮೇಲೆ ‘ಸೈಟ್ ನಾಲ್ಕು’ ಎಂದಷ್ಟೇ ಇತ್ತು. ಹೊಳೆ ಎಡಕ್ಕೆ ಬಾಗಿ, ಮರಳಿನ ನಾಲಗೆಯೊಂದನ್ನು ಸುತ್ತಿಕೊಂಡು ಸಮುದ್ರಕ್ಕೆ ಇಳಿಯುತ್ತಿತ್ತು. ವೈಜಯಂತಿ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟರು. ಅವರು ಬಳಚು ಹೆಕ್ಕಿದ ದಿಬ್ಬದ ಮೇಲೆ ಮೂರನೆಯ ಗೋಪುರ ನಿಂತಿತ್ತು, ಮೂವತ್ತೆರಡು ಮಹಡಿ.

ಕಂಪನಿ ಕಳಿಸಿದ್ದ ಬಣ್ಣದ ಕಾರ್ಡಿನಲ್ಲಿ ತಿಳಿನೀಲಿ ಇತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ವೈಜಯಂತಿ ಕಾರ್ಡಿನ ಕಡೆ ನೋಡಲಿಲ್ಲ. ಹೊಳೆಗೆ ಆಷಾಢದ ಕೆಂಪು ಕಂದು ಎರೆದರು, ಎರಡು ನೀರು ಸೇರುವಲ್ಲಿ ಹಸಿರು, ಆಚೆಗೆ ಬೂದು, ನಡುವೆ ನೊರೆಯ ಒಂದು ಗೆರೆ. ಕಂದು ನೀರು ಮೂರನೆಯ ಗೋಪುರದ ಬುಡವನ್ನು ಸುತ್ತಿ ಹಿಂದಕ್ಕೂ ಹೋಗಿತ್ತು. ನಾಲ್ಕನೆಯ ದಿನ ಮುಚ್ಚಳ ತೆಗೆದ ದಿಲೀಪ್ ತಲೆಗೆ ಕೈ ಹಚ್ಚಿಕೊಂಡರು. ದೆಹಲಿಯಲ್ಲೇ ಹುಟ್ಟಿ ಬೆಳೆದ ಅವರ ಕನ್ನಡ, ಸಿಟ್ಟು ಬಂದಾಗ ಅರ್ಧಕ್ಕರ್ಧ ಹಿಂದಿ. “ಅಕ್ಕಾ, ಯೇ ಕ್ಯಾ ಕಿಯಾ ಆಪ್‌ನೇ? ಇದು ಯಾವ ನಾಲೆ? ಇದನ್ನ ಕೆರೆದು ತೆಗೆಯೋಕೂ ಆಗಲ್ಲ.”

ಮರುದಿನ ಗುರುಗ್ರಾಮದಿಂದ ಆರ್ಕಿಟೆಕ್ಟ್ ಅಭಿಷೇಕ್ ಬಂದರು. ಮೂವತ್ತರ ಹರೆಯದ ಮೈಸೂರಿನವರು. ನೀರು ಯಾಕೆ ಹೀಗಿದೆ ಎಂದು ಕನ್ನಡದಲ್ಲೇ ಕೇಳಿದರು. ಕೆಲಸ ಹೋದರೂ ಹೋಗಲಿ ಎಂದು ವೈಜಯಂತಿ ಬೆರಳನ್ನು ಗೋಪುರದ ಬುಡಕ್ಕೆ ಇಟ್ಟರು.

“ಮಳೆಗಾಲದಲ್ಲಿ ಹೊಳೆ ಇಲ್ಲಿಗೆ ಬರತ್ತೆ ಸರ್. ಪ್ರತಿ ವರ್ಷ ಅಲ್ಲ. ಬರಬೇಕು ಅನಿಸಿದಾಗ ಬರತ್ತೆ. ನಮ್ಮಪ್ಪ ಇಲ್ಲಿ ದೋಣಿ ಕಟ್ಟಲೇ ಇಲ್ಲ, ಒಂದಿನವೂ.”

ಅಭಿಷೇಕ್ ಆ ಬೆರಳಿನ ಫೋಟೊ ತೆಗೆದುಕೊಂಡರು. “ಅಚ್ಛಾ. ನೀರು ನೀಲಿನೇ ಬೇಕು ಆಂಟಿ, ಕ್ಲೈಂಟಿಗೆ ಈ ಬಣ್ಣ ತೋರ್ಸೋಕಾಗಲ್ಲ,” ಎಂದಷ್ಟೇ ಹೇಳಿ ಹೋದರು. ಹಲಗೆಯಿಂದ ಕತ್ತರಿಸಿ ತೆಗೆದ ಕಂದು ಕಡಲಿನ ಒಂದು ತುಂಡು ಕಿದ್ವಾಯಿ ನಗರದ ಮನೆಯ ಫ್ರಿಜ್ಜಿನ ತಲೆ ಸೇರಿತು. ಹದಿನೈದು ದಿನ ಏನೂ ಸುದ್ದಿಯಿರಲಿಲ್ಲ. ಆಮೇಲೆ ಬಂದ ಹೊಸ ನಕ್ಷೆಯಲ್ಲಿ ಮೂರನೆಯ ಗೋಪುರ ಹಿಂದಕ್ಕೆ ಸರಿದಿತ್ತು, ನೆಲದ ಮೇಲೆ ನಲವತ್ತು ಮೀಟರ್, ಹಲಗೆಯ ಮೇಲೆ ಎಂಟು ಸೆಂಟಿಮೀಟರ್. ಕಾರಣ ಯಾರೂ ಹೇಳಲಿಲ್ಲ, ವೈಜಯಂತಿ ಕೇಳಲೂ ಇಲ್ಲ.

ಇವತ್ತು ಅವರು ಎರೆಯುತ್ತಿರುವುದು ಆ ನಕ್ಷೆಯ ತಿಳಿನೀಲಿಯನ್ನು. ಮರಳಿನ ನಾಲಗೆ ಖಾಲಿ ಬಿದ್ದಿದೆ. ಆ ಎಂಟು ಸೆಂಟಿಮೀಟರಿನ ಸುತ್ತ ಮಾತ್ರ ಅವರ ಕೈ ತುಸು ನಿಧಾನವಾಗುತ್ತದೆ. “ಕಟ್ಟಲಿ ಅಂತಾನೂ ಇಲ್ಲ, ಬೇಡ ಅಂತಾನೂ ಇಲ್ಲ. ಕಟ್ಟೋ ಮೊದಲು ನಾನೊಂದ್ಸಲ ಅಲ್ಲಿ ಕಾಲಿಡಬೇಕು. ಅಷ್ಟು ಆಸೆ ಆಗಿದೆ,” ಎನ್ನುವಾಗ ದನಿ ಸಣ್ಣಗಾಗುತ್ತದೆ.

ಮಾರ್ಚಿನಲ್ಲಿ ಇಂದುಶೇಖರರಿಗೆ ನಿವೃತ್ತಿ. ದೇಶದಲ್ಲಿ ಎಲ್ಲಿಗಾದರೂ ಹೋಗಬಹುದಾದ ಕೊನೆಯ ಎಲ್‌ಟಿಸಿ ಒಂದು ಉಳಿದಿದೆ. ಮಗಳು ಪ್ರಕೃತಿಯ ವಾದ, “ಮಮ್ಮೀ, ಸಮುದ್ರಾನೇ ಬೇಕು ಅಂದ್ರೆ ಅಂಡಮಾನ್ ಚಲೋ ನಾ.” ಅರ್ಜಿ ಫ್ರಿಜ್ಜಿನ ಮೇಲೆ, ಕಂದು ಕಡಲಿನ ಕೆಳಗೆ ವಾರದಿಂದ ಇತ್ತು, ಹೋಗುವ ಊರಿನ ಜಾಗ ಖಾಲಿ. ನಿನ್ನೆ ಸಂಜೆ ವೈಜಯಂತಿ ಪೆನ್ನು ತೆಗೆದುಕೊಂಡು ತೆಂಕಣಕೇರಿ ಎಂದು ಬರೆದರು.

ಗಂಡ ಕನ್ನಡಕ ಏರಿಸಿ ಓದಿ, ಬೇಡವೆನ್ನದೆ, ಒಂದೇ ಪ್ರಶ್ನೆ ಕೇಳಿದರಂತೆ. “ಅಲ್ಲಿ ಈಗ ನಿನ್ನೋರು ಅಂತ ಯಾರಿದ್ದಾರೆ? ಎಲ್ಲಿಗೆ ಅಂತ ಹೋಗ್ತೀಯ?”

ಆಗ ಕೊಟ್ಟ ಉತ್ತರವನ್ನು ವೈಜಯಂತಿ ಈಗ ಮತ್ತೆ ಹೇಳುತ್ತಾರೆ, ಖಾಲಿ ಮರಳಿನ ತುದಿಯನ್ನು ಬಟ್ಟೆಯಿಂದ ಒರೆಸುತ್ತ.

“ಎಂಟು ಸೆಂಟಿಮೀಟರ್ ಜಾಗ ಬಿಡಿಸಿದ್ದೀನಲ್ಲ, ಅಲ್ಲಿಗೆ. ಈ ಅಳತೇಲಿ ನಾನು ಮೂರು ಮಿಲಿಮೀಟರ್ ಇದ್ದೀನಿ. ನನಗೆ ಬೇಕಾದಷ್ಟಾಯ್ತು.”