ಮಾಮಾನ ಸರಪಳಿ, ಮಗನ್‌ಭಾಯಿಯ ಹೂಕೋಸು

ಬರೋಡದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ನನ್ನ ಸೋದರಮಾವನ ಮನೆಗೆ ನೀವು ಎಂದಾದರೂ ಹೋಗಿದ್ದರೆ, ನಡುಮನೆಯ ಗೋಡೆಯಲ್ಲಿ, ದೇವರ ಪಟಗಳ ಸಾಲಿಗೂ ಪಂಚಾಂಗಕ್ಕೂ ನಡುವಿನ ಮೊಳೆಯಿಂದ, ತುದಿಗೆ ಬಿಳಿಯ ಪಿಂಗಾಣಿ ಹಿಡಿಯಿದ್ದ ಕಬ್ಬಿಣದ ಸರಪಳಿಯೊಂದು ತೂಗುತ್ತಿದ್ದುದನ್ನು ಕಂಡಿರುತ್ತೀರಿ. ಸಂಕೋಚದವರಾಗಿದ್ದರೆ ಅದೇನೆಂದು ಕೇಳಿರುತ್ತೀರಿ, ಇಲ್ಲವಾದರೆ ಎಳೆದೇ ನೋಡಿರುತ್ತೀರಿ. ಎಳೆದರೆ ಏನೂ ಆಗುತ್ತಿರಲಿಲ್ಲ. ಅದು ಪಾಯಖಾನೆಯ ನೀರಿನ ತೊಟ್ಟಿಗೆ ಕಟ್ಟುವ ಸರಪಳಿ. ತೊಟ್ಟಿ ಇನ್ನೂ ಬಂದಿರಲಿಲ್ಲ, ಪಾಯಖಾನೆ ಕಟ್ಟಿರಲಿಲ್ಲ, ಅದನ್ನು ಕಟ್ಟಬೇಕಾದ ಮನೆಗೆ ಪಾಯವೂ ಬಿದ್ದಿರಲಿಲ್ಲ. ಶುಕ್ರವಾರದ ಸಂತೆಯಲ್ಲಿ ಹಳೆಯ ಸಾಮಾನಿನ ರಾಶಿಯೊಳಗೆ ಅದರ ಪಿಂಗಾಣಿ ಹಿಡಿ ಮಿನುಗಿದ್ದೇ ತಡ, ಮಾಮಾ ಅದನ್ನು ಕೊಂಡು ತಂದಿದ್ದರು. ಲೋಕದ ಜನ ಮನೆಯನ್ನು ಹೊಸ್ತಿಲಿನಿಂದ ಆರಂಭಿಸಿದರೆ ನಮ್ಮ ಮಾಮಾ ತಮ್ಮ ಮನೆಯನ್ನು ಅದರ ಕಟ್ಟಕಡೆಯ ಕ್ರಿಯೆಯಿಂದ ಆರಂಭಿಸಿದವರು.

ನನ್ನ ವಿಷಯವಾಗಿಯೂ ಎರಡು ಮಾತು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗಲಿಕ್ಕಿಲ್ಲ. ನಾನು ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಂದ ಬೆಳೆದವನು. ಬೆಳಿಗ್ಗೆ ಒಂದು ವಿಷಯದ ಪರವಾಗಿ ಮಾತಾಡಿ ಬೆಳ್ಳಿಯ ಲೋಟ ಗೆದ್ದು, ಮಧ್ಯಾಹ್ನ ಅದರ ವಿರುದ್ಧ ಮಾತಾಡಿ ಅದರ ಜೊತೆಯ ತಟ್ಟೆಯನ್ನೂ ಗೆದ್ದವನು. ಇಂಥ ಶಿಕ್ಷಣದ ಫಲವಾಗಿ ಯಾವುದನ್ನೂ ನಂಬದಿರುವುದೂ ಎಲ್ಲವನ್ನೂ ನಂಬಿಸಬಲ್ಲೆನೆಂಬ ಭ್ರಮೆಯೂ ಒಟ್ಟಿಗೇ ಬರುತ್ತವೆ. ಈಗ ಅಹಮದಾಬಾದಿನ ವಿಮಾ ಕಚೇರಿಯೊಂದರಲ್ಲಿ, ಸಾವಿನ ಕುರಿತು ಜನರನ್ನು ಸೌಮ್ಯವಾಗಿ ಹೆದರಿಸುವ ಕೆಲಸ. ಶನಿವಾರ ಬಂತೆಂದರೆ ರೈಲು ಹತ್ತಿ ಬರೋಡಕ್ಕೆ, ಮಾಮಿಯ ಕೈಯಡುಗೆಗೆ.

ಮಾಮಾ ರೈಲ್ವೆ ಗಾರ್ಡು. ಜೀವಮಾನವೆಲ್ಲ ಹಸಿರು ಬಾವುಟ ಬೀಸಿ ಇನ್ನೊಬ್ಬರನ್ನು ಊರು ಸೇರಿಸಿದವರಿಗೆ ನಿವೃತ್ತಿಯ ಹೊತ್ತಿಗೆ ತಮ್ಮದೆನ್ನುವ ಊರು ಉಳಿದಿರಲಿಲ್ಲ. ಕ್ವಾರ್ಟರ್ಸು ಬಿಡುವ ದಿನ ಹತ್ತಿರವಾಗುತ್ತಿತ್ತು. ಅವರಂತೆಯೇ ವರ್ಗವಾಗಿ ಬಂದು ಇಲ್ಲಿಯೇ ನಿಂತುಬಿಟ್ಟಿದ್ದ ಬ್ಯಾಂಕು, ಅಂಚೆ, ರೈಲ್ವೆಗಳ ಕನ್ನಡಿಗರು ಕೆಲವು ಗುಜರಾತಿ ಸಂಸಾರಗಳೊಡನೆ ಸೇರಿ, ಗೋರ್ವಾ ಹಳ್ಳಿಯಾಚೆಯ ಸಜ್ಜೆಯ ಹೊಲವೊಂದನ್ನು ಕೊಂಡು, ಗೂಟ ನೆಟ್ಟು, ಸೊಸಾಯಿಟಿಯೆಂದು ಹೆಸರಿಟ್ಟಿದ್ದರು. ಅದರಲ್ಲೊಂದು ನಿವೇಶನ ಮಾಮಾನದು. ಗಾಳಿ ಇತ್ತು, ಬೆಳಕಿತ್ತು, ಬಾವಿಯಲ್ಲಿ ನೀರಿತ್ತು. ಇಲ್ಲದ್ದು ಒಳಚರಂಡಿ. ನಗರದ ಚರಂಡಿ ನಗರದಂತೆಯೇ ಸ್ವಾಭಿಮಾನಿ; ಎಲ್ಲೆಯಲ್ಲಿದ್ದ ಬೇವಿನ ಮರದ ತನಕ ಬಂದು ಅಲ್ಲಿಗೇ ನಿಂತಿತ್ತು. ಅದು ಬಾರದಿದ್ದರೆ ಪ್ರತಿ ಮನೆಗೂ ಹಿತ್ತಲಲ್ಲಿ ಬುಟ್ಟಿಯ ಪಾಯಖಾನೆ, ಬುಟ್ಟಿ ಹೊತ್ತೊಯ್ಯುವವರು ಬಂದು ಹೋಗಲು ಹಿಂಬಾಗಿಲು, ಹಿಂಬಾಗಿಲಿಗೊಂದು ಹಿಂದಿನ ಓಣಿ, ಎಂದು ಸೊಸಾಯಿಟಿಯ ಕಾರ್ಯದರ್ಶಿ ಕುಲಕರ್ಣಿಯವರು ನಕ್ಷೆ ಬರೆಸಿದ್ದರು.

ನಕ್ಷೆ ನೋಡಿದ ಮಾಮಿ ಆ ಮನೆಗೆ ತಾವು ಕಾಲಿಡುವುದಿಲ್ಲ ಎಂದರು. ಮಡಿ ಹೆಂಗಸು, ಪಾಯಖಾನೆಯ ಮಾತೆತ್ತಿದರೇ ಮೈಲಿಗೆಯೆನ್ನುತ್ತಾರೆಂದು ತಿಳಿದು ನಾನು ಮಡಿಯ ವಿರುದ್ಧ ಸಿದ್ಧವಾಗಿಯೇ ಇದ್ದ ಭಾಷಣವನ್ನು ಹೊರತೆಗೆದೆ. ಕುರುಡು ಸಂಪ್ರದಾಯ, ಶರೀರಧರ್ಮ, ಆಧುನಿಕ ಮನಸ್ಸು. ಮಾಮಿ ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದರು.

"ಮುಗೀತೇನು? ಮೊನ್ನೆ ರೇವಾ ಹೊಸಾ ಸೊಸಿನ್ನ ಕರಕೊಂಡು ಬಂದಿದ್ಲು, ಕೆಲಸ ತೋರಸ್ಲಿಕ್ಕೆ. ಆ ಹುಡುಗಿ ಕೈಯಾಗ ಮದುವಿ ಬಳಿ ಇನ್ನೂ ಹಂಗ ಇದ್ವು. ಈ ಮನಿ ಸರಕಾರದ್ದು, ಈ ಹಿಂಬಾಗಲಾ ಅವರಿಟ್ಟದ್ದು. ನಾ ಕಟ್ಟೋ ಮನಿಗೆ ಅಂಥಾ ಬಾಗಲಾ ನಾ ಇಡೂದಿಲ್ಲ. ಕೊಳವಿ ಬಂದ್ರ ಮನಿ. ಇಲ್ಲಂದ್ರ ಬಾಡಗಿ ಮನ್ಯಾಗ ಸಾಯ್ತೀನಿ."

ರೇವಾ ಎಂದರೆ ದಿನವೂ ಹಿತ್ತಲ ಬಾಗಿಲಿಗೆ ಬಂದು ಬುಟ್ಟಿಯನ್ನು ತಲೆಯ ಮೇಲೆ ಹೊತ್ತೊಯ್ಯುತ್ತಿದ್ದ ಹೆಂಗಸು. ಬಾಡಿಗೆಯ ಮನೆಗಳಿಗೂ ಅದೇ ಬಾಗಿಲಿರುತ್ತದೆ ಎಂಬ ಛಿದ್ರ ಮಾಮಿಯ ವಾದದಲ್ಲಿ ನನಗೆ ಒಡನೆಯೇ ಕಂಡಿತು; ಕಂಡೂ ಅದರೊಳಗೆ ಬೆರಳಿಡಲು ಮನಸ್ಸಾಗಲಿಲ್ಲ. ಮಾಮಾ ಗೋಡೆಯ ಸರಪಳಿಯ ಕಡೆ ನೋಡಿ, ಅನಂತರ ನನ್ನ ಕಡೆ ನೋಡಿ, "ಅಷ್ಟೆಲ್ಲಾ ಲೋಟಾ ಗೆದ್ದೀಯಲ್ಲ, ಒಂದು ಚರಂಡಿ ಗೆದ್ದು ಕೊಡೋ ಶ್ರೀಪಾದ" ಎಂದರು.

ಹೀಗೆ ನಾನು ನಗರಸಭೆಯ ಎಂಜಿನಿಯರರ ಮುಂದೆ ನಿಂತೆ. ಈ ಗುಜರಾತಿನ ಲೋಥಲ್ಲಿನಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಇಟ್ಟಿಗೆಯ ಚರಂಡಿಗಳಿದ್ದುವಲ್ಲ, ಅಲ್ಲಿಂದ ಇಲ್ಲಿಯವರೆಗೆ ನಾವು ಮುಂದೆ ಬಂದೆವೋ ಹಿಂದೆ ಹೋದೆವೋ ಎಂದು ಕೇಳಿದೆ. ನಾಳೆ ನಗರವೇ ಹಬ್ಬಿ ಗೋರ್ವಾವನ್ನು ನುಂಗಲಿರುವಾಗ ಇಂದೇ ಅದಕ್ಕೊಂದು ಕರುಳು ಜೋಡಿಸುವುದು ದೂರದೃಷ್ಟಿಯಲ್ಲವೇ ಎಂದೆ. ಅವರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತ, ಸಂಗೀತ ಕೇಳುವವರ ಹಾಗೆ ತಲೆದೂಗಿ, ಚಹಾ ತರಿಸಿ, "ಬಹುತ್ ಅಚ್ಛಾ ಬೋಲತೇ ಹೈಂ ಆಪ್" ಎಂದು ನನ್ನ ಮಾತುಗಾರಿಕೆಯನ್ನು ಹೊಗಳಿದರು. ಆಮೇಲೆ ನಕ್ಷೆಯಲ್ಲಿ ಬೇವಿನ ಮರದ ಮೇಲೆ ಬೆರಳಿಟ್ಟು, ಇದರಾಚೆ ಹಳ್ಳಿ, ಹಳ್ಳಿಯ ಹೊಲಸು ಹಳ್ಳಿಗೆ, ನಗರದ್ದು ನಗರಕ್ಕೆ ಎಂದರು. ಸಾಲದ್ದಕ್ಕೆ ನಿಮ್ಮ ಜಾಗ ನಗರದ ಕಡೆ ಇಳಿಜಾರಾಗಿಲ್ಲ, ಪಕ್ಕದ ಮಗನ್‌ಭಾಯಿಯ ಹೊಲದ ಕಡೆ ಇಳಿದಿದೆ. ಯಾವ ಕೊಳವೆಯಾದರೂ ಅವನ ಹೊಲ ಹೊಕ್ಕೇ ಬರಬೇಕು. ಅವನ ಒಪ್ಪಿಗೆಯಿಲ್ಲದೆ ನಾನು ಕಾಗದ ಮುಟ್ಟುವವನಲ್ಲ ಎಂದು ಕೈ ತೊಳೆದುಕೊಂಡರು. ವಾದದಲ್ಲಿ ನಾನು ಗೆದ್ದಿದ್ದೆ. ಚರಂಡಿ ಮಾತ್ರ ಇದ್ದಲ್ಲೇ ಇತ್ತು.

ಮಗನ್‌ಭಾಯಿ ಹೊಲದಂಚಿನ ಹಗ್ಗದ ಮಂಚದ ಮೇಲೆ ಕೂತು ಬೀಡಿ ಸೇದುತ್ತಿದ್ದ ನಡುವಯಸ್ಸಿನ ಪಟೇಲ. ತನ್ನ ಮಣ್ಣಿನೊಳಗೆ ಪರರ ಮಲ ಹರಿಯಲು ಯಾವ ರೈತ ಒಪ್ಪುತ್ತಾನೆಂದು, ಅವನು ಎತ್ತಬಹುದಾದ ಆಕ್ಷೇಪಗಳನ್ನೆಲ್ಲ ರೈಲಿನಲ್ಲೇ ಊಹಿಸಿ ಒಂದೊಂದಕ್ಕೂ ಉತ್ತರ ಹೊಸೆದಿದ್ದೆ. ನನ್ನ ಹಿಂದಿ ಲೋಥಲ್ಲಿನಿಂದ ಹೊರಟು ಲೋಕಹಿತವನ್ನು ಮುಟ್ಟುವ ತನಕ ಅವನು ತಾಳ್ಮೆಯಿಂದ ಕಾದ. ಕೊಳವೆ ಬರಲಿ, ಆದರೆ ಒಂದು ಷರತ್ತು ಎಂದ. ಏನೆಂದು ಕೇಳಿದೆ.

"ಇಷ್ಟು ಒಳ್ಳೇ ಮಾಲನ್ನು ನಗರಕ್ಕೆ ಯಾಕೆ ಕೊಡ್ತೀರಿ, ಭಾಯಿ? ಬಂದದ್ದು ಮುಂದೆ ಹೋಗಬಾರದು. ನನ್ನ ಹೊಲದಲ್ಲೇ ನಿಲ್ಲಬೇಕು."

ಊರಿನ ಆಚೆ ಮಗ್ಗುಲಿನಲ್ಲಿ ನಗರದ ಚರಂಡಿ ನೀರು ಕುಡಿದು ಬೆಳೆಯುವ ಹೂಕೋಸುಗಳನ್ನು ಅವನು ವರ್ಷಗಳಿಂದ ಹೊಟ್ಟೆ ಉರಿದು ನೋಡುತ್ತಿದ್ದನಂತೆ. ಅಲ್ಲಿ ತನ್ನ ಬೀಗನ ಹೊಲವಿದೆ, ಅವನ ಹೂಕೋಸು ಅವನ ತಲೆಗಿಂತ ದೊಡ್ಡದು, ಅಹಂಕಾರ ಅದಕ್ಕಿಂತಲೂ ದೊಡ್ಡದು ಎಂದ. ಓದುಗ ಮಿತ್ರರೇ, ಎದುರಾಳಿ ನಮ್ಮ ಪಕ್ಷವನ್ನು ನಮಗಿಂತ ಹೆಚ್ಚು ಉತ್ಸಾಹದಿಂದ ಹಿಡಿದುಬಿಟ್ಟರೆ ಏನು ಮಾಡಬೇಕೆಂದು ನನಗೆ ಯಾವ ಗುರುವೂ ಕಲಿಸಿರಲಿಲ್ಲ.

ಕಡೆಗೆ ಎಲ್ಲರೂ ಒಂದು ಭಾನುವಾರ ಬೇವಿನ ಮರದಡಿ ಸೇರಿದೆವು. ಎಂಜಿನಿಯರರು, ಮಗನ್‌ಭಾಯಿ, ಕುಲಕರ್ಣಿಯವರು, ಸೊಸಾಯಿಟಿಯ ಸಂಸಾರಗಳು. ಮಾತು ಕೆಡದಿರಲೆಂದು ಮಾಮಿ ಮೊದಲು ಎಲ್ಲರಿಗೂ ಪತ್ರಾವಳಿಯಲ್ಲಿ ಊಟ ಬಡಿಸಿದರು. ಊಟ ಮುಗಿದು ಎಲೆಯಡಿಕೆಗೆ ಕೈ ಹೋಗುವಾಗ ಮಗನ್‌ಭಾಯಿ ತನ್ನ ಬೇಡಿಕೆಯಿಟ್ಟ. ಎಂಜಿನಿಯರರ ಕೈ ಸುಣ್ಣದ ಡಬ್ಬಿಯಲ್ಲೇ ನಿಂತಿತು. ಹಳ್ಳಿಯ ಹೊಲಸು ಹಳ್ಳಿಗೆ ಎಂದಿದ್ದ ಆ ಮಹನೀಯರಿಗೆ, ಹಳ್ಳಿಯವನೊಬ್ಬ ಅದನ್ನು ಕೈಚಾಚಿ ಕೇಳಿದ ಕ್ಷಣ, ಅದು ಸಾರ್ವಜನಿಕ ಸಂಪತ್ತೆಂಬುದು ಹೊಳೆಯಿತು. ನಾಳೆ ಈ ಜಾಗ ನಗರವಾಗುವುದು ಖಂಡಿತ, ಹಾಗಿರುವಾಗ ಇಂದೇ ಖಾಸಗಿಯವರಿಗೆ ಬಿಟ್ಟುಕೊಡುವುದು ಹೇಗೆ ಎಂದು ನನ್ನದೇ ಭಾಷಣವನ್ನು ನನ್ನೆದುರಿಗೇ ನನಗಿಂತ ಚೆನ್ನಾಗಿ ಮಾಡಿದರು. ಮಗನ್‌ಭಾಯಿ ಇಳಿಜಾರು ತನ್ನ ಕಡೆಗಿದೆ, ದೇವರ ತೀರ್ಪು ಅದೇ ಎಂದ. ಅರ್ಧ ಗಂಟೆ ಜಗಳವಾಯಿತು. ಎದುರಿಗೆ ಬರಿಯ ಗೂಟಗಳು. ಮನೆಯಿಲ್ಲ, ಮನೆಯಲ್ಲಿ ಜನವಿಲ್ಲ. ಇನ್ನೂ ಹುಟ್ಟದ ಆಸ್ತಿಗೆ ಇಬ್ಬರು ವಾರಸುದಾರರು.

ಕುಲಕರ್ಣಿಯವರಿಗೆ ಮಾತ್ರ ಈ ಜಗಳವೇ ಹೇಸಿಗೆಯೆನಿಸಿತು. ಅವರು ಎದ್ದು ನಿಂತು, "ಅಲ್ರೀ, ನಮ್ಮದ ನಮ್ಮ ಬಾಜೂಕ ಬಿಟಗೊಂಡು, ಅದರಾಗ ಬೆಳದದ್ದನ್ನ ನಾಳೆ ನಾವ ತಿನ್ನೂದೇನು?" ಎಂದರು. ಪ್ರಶ್ನೆ ಸೊಸಾಯಿಟಿಯ ಎದೆಗೆ ನಾಟಿತು. ಗುಂಪು ಅತ್ತ ವಾಲಿತು, ಹಿಂಬಾಗಿಲೇ ವಾಸಿ ಎಂಬ ಗುಸುಗುಸು ಎದ್ದಿತು. ಮಾಮಾನ ಮುಖ ಇಳಿದುಹೋಯಿತು. ಪ್ರತಿವಾದಿಯ ಪ್ರಶ್ನೆಗೆ ಮರುಪ್ರಶ್ನೆ ಹಾಕುವುದು ನನ್ನ ಹಳೆಯ ಚಾಳಿ. ಈಗ ಬರೋಡದ ಪೇಟೆಯಲ್ಲಿ ಸಿಕ್ಕುವ ಹೂಕೋಸು ಎಲ್ಲಿಯದು ಎಂದು ಎಂಜಿನಿಯರರನ್ನು ಕೇಳಿದೆ. ಅವರು ಹೆಮ್ಮೆಯಿಂದ, ಬಹಳಷ್ಟು ನಮ್ಮ ಚರಂಡಿ ನೀರಿನದೇ ಎಂದರು.

ಎಲ್ಲರ ಕಣ್ಣೂ ನಿಧಾನವಾಗಿ ಪತ್ರಾವಳಿಗಳ ರಾಶಿಯ ಕಡೆ ತಿರುಗಿದುವು. ಮಾಮಿ ಅಂದು ಮಾಡಿದ್ದು ಹೂಕೋಸಿನ ಪಲ್ಯ. ಕುಲಕರ್ಣಿಯವರು ಎರಡು ಸಲ ಹಾಕಿಸಿಕೊಂಡಿದ್ದರು.

ಮೂವತ್ತು ವರ್ಷ ಮಡಿಯುಟ್ಟು ಅಡುಗೆ ಮಾಡಿದ ಹೆಂಗಸು ಈಗ ಏನೆನ್ನುತ್ತಾರೋ ಎಂದು ನಾನು ಅವರತ್ತ ತಿರುಗಿದೆ. ಮಾಮಿ ಖಾಲಿ ಪಾತ್ರೆಯನ್ನೊಮ್ಮೆ ನೋಡಿದರು.

"ಮಣ್ಣು ತೊಳದದ, ನಾ ಉಪ್ಪುನೀರಾಗ ತೊಳದೀನಿ, ಬೆಂಕಿ ಸುಟ್ಟದ. ಇನ್ನೆಷ್ಟು ಮಡಿ ಮಾಡ್ಲಿ? ಹೊಲಕ್ಕ ಹೋಗ್ಲಿ, ಊರಿಗೆ ಹೋಗ್ಲಿ. ಒಬ್ಬರ ತಲಿ ಮ್ಯಾಲೆ ಮಾತ್ರ ಹೋಗಬಾರದು."

ತರ್ಕದ ಕಣ್ಣಿನಿಂದ ನೋಡಿದರೆ ಇದರಲ್ಲಿ ದೋಷಗಳಿವೆ. ಮಣ್ಣು ಎಲ್ಲ ರೋಗವನ್ನೂ ತೊಳೆಯುವುದಿಲ್ಲ. ಆದರೆ ಕುಲಕರ್ಣಿಯವರೇ ನಕ್ಷೆ ಬಿಚ್ಚಿದರು. ಹಿಂದಿನ ಓಣಿ ನಕ್ಷೆಯಿಂದ ಅಳಿಯಿತು. ಪಟೇಲನಿಗೆ ಸಿಕ್ಕಿಬಿಟ್ಟೀತೆಂಬ ಹೊಟ್ಟೆಕಿಚ್ಚಿನಿಂದ, ಲೋಥಲ್ಲಿನ ನೆನಪೂ ಕದಲಿಸದಿದ್ದ ಎಂಜಿನಿಯರರ ಕಾಗದ ಕದಲಿತು. ನಗರದ ಒಳಚರಂಡಿ ಬೇವಿನ ಮರ ದಾಟಿತು. ಕೊಳವೆ ನಗರದ್ದೇ, ಆದರೆ ಅದರಲ್ಲಿ ಹರಿದದ್ದು ಮೊದಲು ಮಗನ್‌ಭಾಯಿಯ ಹೊಲದ ಮೂಲೆಯ ತೊಟ್ಟಿಗೆ ಬರುತ್ತದೆ; ಅಲ್ಲಿ ತಳಕ್ಕಿಳಿದ ಕೊಳಕು ನಗರಕ್ಕೆ, ಮೇಲಿನ ತಿಳಿನೀರು ಮಾತ್ರ ಅವನ ಸಾಲುಗಳಿಗೆ. ಇಬ್ಬರೂ ತಾವೇ ಗೆದ್ದೆವೆಂದುಕೊಂಡರು. ಚರ್ಚಾಸ್ಪರ್ಧೆಗಳಲ್ಲಿ ಇಂಥ ಫಲಿತಾಂಶಕ್ಕೆ ಲೋಟವಿಲ್ಲ.

ಗೃಹಪ್ರವೇಶದ ದಿನ ಹೋಮದ ಹೊಗೆ ಆರುವ ಮೊದಲೇ ಮಾಮಾ ಸರಪಳಿಯನ್ನು ಅದರ ನಿಜವಾದ ಜಾಗಕ್ಕೆ ಕಟ್ಟಿದರು. ಮೊದಲು ಎಳೆಯುವ ಮುಹೂರ್ತ ಯಾವುದೆಂದು ಪುರೋಹಿತರನ್ನು ಕೇಳಿ ಬೈಸಿಕೊಂಡರು. ಎಳೆದವರು ಮಾಮಿ. ತೊಟ್ಟಿ ಗುಡುಗಿತು, ನೀರು ಧುಮುಕಿತು, ಮಾಮಾ ಓಡಿಹೋಗಿ ಮಾಳಿಗೆಯ ಮೇಲಿಂದ ತಮ್ಮ ಹಳೆಯ ಹಸಿರು ಬಾವುಟ ಬೀಸಿದರು. ಅಷ್ಟು ದೂರದಲ್ಲಿ, ತನ್ನ ಹೊಲದ ತೊಟ್ಟಿಯ ಕಟ್ಟೆಯ ಮೇಲೆ ನಿಂತಿದ್ದ ಮಗನ್‌ಭಾಯಿ, ಸ್ವಲ್ಪ ಹೊತ್ತು ಬಗ್ಗಿ ನೋಡಿ, ಗಾಡಿ ಬಂತೆಂದು ತಲೆಯ ಮುಂಡಾಸು ಬಿಚ್ಚಿ ಬೀಸಿದ.

ಸಂಶಯಪಡುವುದು ನನ್ನ ವೃತ್ತಿಯಾದ್ದರಿಂದ ಇದನ್ನೂ ಹೇಳಬೇಕು: ಮಾಮಾ ಬಿಟ್ಟ ಕ್ವಾರ್ಟರ್ಸಿಗೆ ಬೇರೆ ಸಂಸಾರ ಬಂದಿದೆ, ಅದರ ಹಿತ್ತಲ ಬಾಗಿಲಿಗೆ ರೇವಾಳ ಸೊಸೆ ಇವತ್ತಿಗೂ ಹೋಗುತ್ತಾಳೆ. ಒಂದು ಸರಪಳಿ ಒಂದು ಬಾಗಿಲನ್ನಷ್ಟೇ ಮುಚ್ಚೀತು. ಅಹಮದಾಬಾದಿನ ನನ್ನ ಬಾಡಿಗೆಯ ಕೋಣೆಯಲ್ಲೂ ಒಂದು ಸರಪಳಿಯಿದೆ. ಮೊದಲು ಅದನ್ನು ಎಳೆದು, ನೀರಿನ ಸದ್ದು ಮುಗಿಯುವ ಮೊದಲೇ ಮರೆತು ಹೊರಬರುತ್ತಿದ್ದೆ. ಎಳೆದದ್ದು 'ಹೋಯಿತು' ಎನ್ನುತ್ತೇವಲ್ಲ, ಹೋಗುವುದೆಂದರೆ ಎಲ್ಲಿಗೆಂದು ಕೇಳುವುದೇ ಇಲ್ಲ. ಈಗ ಹಿಡಿಯ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಲ್ಲುತ್ತೇನೆ. ಇದು ಯಾರ ಹೊಲಕ್ಕೆ, ಯಾರ ತಲೆಗೆ?

ಈ ಚಳಿಗಾಲ ಮಗನ್‌ಭಾಯಿ ತನ್ನ ಮೊದಲ ಹೂಕೋಸನ್ನು, ಬೀಗನದಕ್ಕಿಂತ ದೊಡ್ಡದೆಂದು ಸಾರುತ್ತ, ಮಾಮಿಯ ಮುಂಬಾಗಿಲಿಗೆ ತಂದುಕೊಟ್ಟ. ಹಿಂಬಾಗಿಲು ಆ ಮನೆಗೆ ಇಲ್ಲ. ಶನಿವಾರ ನಾನು ಹೋದಾಗ ಅದು ಪಲ್ಯವಾಗಿತ್ತು. ಮಾಮಾ ನನ್ನ ಮುಖವನ್ನೇ ನೋಡುತ್ತಿದ್ದರು, ಮಾಮಿ ಸೌಟು ಹಿಡಿದು ಕಾಯುತ್ತಿದ್ದರು. ಪರವಾಗಿಯೂ ವಿರುದ್ಧವಾಗಿಯೂ ಹೇಳಬಹುದಾದದ್ದು ಬಹಳವಿತ್ತು. ನಾನು ತಟ್ಟೆಯನ್ನು ಸೌಟಿನ ಕಡೆಗೆ ಸರಿಸಿದೆ.