ಕುರ್ಚಿಯ ಹಿಂದಿನ ಹಿಡಿ

ತಮ್ಮ, ತಂಗಿ ಅಂತ ಒಂದು ನರಪಿಳ್ಳೆಯೂ ಇಲ್ಲದ ಅವಳನ್ನು ಬೀದಿಗೆ ಬೀದಿಯೇ ಅಕ್ಕ ಎನ್ನುತ್ತಿತ್ತು. ಬಡಗಿ ಅಕ್ಕ. ಮರಗೆಲಸದ ಅಂಗಡಿ ಅಪ್ಪನಿಂದ ಬಂದದ್ದು. ಅವನ ಕಾಲದಲ್ಲಿ ಅಲ್ಲಿ ತೊಟ್ಟಿಲು, ಶಾಲೆಯ ಬೆಂಚು ತಯಾರಾಗುತ್ತಿದ್ದವು. ಈಗ ತೊಟ್ಟಿಲು ಕೇಳುವವರೇ ಇಲ್ಲ. ಊರುಗೋಲು, ಬಚ್ಚಲಿನ ಹಿಡಿಕೆ, ಮುದುಕರನ್ನು ಮೆಟ್ಟಿಲಿಳಿಸಲು ಇಬ್ಬರು ಹೊರುವ ಕುರ್ಚಿ, ಇವಕ್ಕೆ ಮಾತ್ರ ಗಿರಾಕಿಗಳು ಮುಗಿಬೀಳುತ್ತಾರೆ. "ಆಗ ಮಲಗ್ಸೋಕೆ ಮಾಡ್ತಿದ್ವಿ, ಈಗ ಎಬ್ಬಿಸೋಕೆ ಮಾಡ್ತೀವಿ" ಎಂದು ಅಕ್ಕ ಮರ ಹೆರೆಯುವ ರಂದ ತಳ್ಳುತ್ತಲೇ ನಗುತ್ತಾಳೆ.

ಎಲ್ಲದಕ್ಕೂ ಮೂಲ, ಮನೆಗೊಂದೇ ಮಗು ಎಂದು ಸರ್ಕಾರ ಹಿಂದೆ ಮಾಡಿದ್ದ ಕಾನೂನು. ಎರಡನೆಯದಾದರೆ ನೌಕರಿಯೂ ಹೋಯಿತು, ಸರ್ಕಾರಿ ಮನೆಯೂ ಹೋಯಿತು. ಆ ಬೀದಿಯಲ್ಲಿ ಅದನ್ನು ಜಾರಿಗೆ ತಂದವಳು ಬೇರೆ ಯಾರೂ ಅಲ್ಲ, ಅಕ್ಕನ ಹೆತ್ತಮ್ಮ. ಯಾರ ಸೊಸೆಗೆ ವಾಕರಿಕೆ ಬಂದರೂ ಮೊದಲು ಅವಳ ಕಿವಿಗೆ ಬೀಳುತ್ತಿತ್ತು. ಎರಡನೆಯದೆಂದು ಗೊತ್ತಾಗಿ ಬಾಗಿಲಲ್ಲಿ ಹೋಗಿ ಕೂತಳೆಂದರೆ, ಬಸಿರು ತೆಗೆಸಲು ಒಪ್ಪುವವರೆಗೆ ಉಡದ ಪಟ್ಟು. ಕೆಳಗಿನ ಮನೆಯ ಟೈಲರಮ್ಮ ಎರಡನೆಯ ಬಸುರಿಯಾದಾಗಲೂ ಹಾಗೆಯೇ ಕೂತಳು. ಟೈಲರಮ್ಮ ಅಳುತ್ತಲೇ ಆಸ್ಪತ್ರೆಗೆ ಹೋಗಿ ಬರಿಗೈಯಲ್ಲಿ ಹಿಂತಿರುಗಿದಳು. ಅಂದಿನಿಂದ ಎರಡು ಮನೆಗಳಿಗೂ ಮಾತಿಲ್ಲ. ಅಮ್ಮನೂ ಇನ್ನೊಂದು ಹೆರಲಿಲ್ಲ; ಊರಿಗೆಲ್ಲ ಬುದ್ಧಿ ಹೇಳುವವಳು ಹೇಗೆ ಹೆತ್ತಾಳು?

ಈಗ ಅಮ್ಮನ ಸೊಂಟದ ಮೂಳೆ ಮುರಿದು, ಕೂಡಿಸಿದ್ದಾರೆ. ವಾರವಾರ ಆಸ್ಪತ್ರೆಗೆ ಕರೆತಂದು ವ್ಯಾಯಾಮ ಮಾಡಿಸದಿದ್ದರೆ ಇವರು ಮತ್ತೆ ನಡೆಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅಕ್ಕನಿಗೆ ಕುರ್ಚಿಗೇನೂ ಬರವಿಲ್ಲ, ಆದರೆ ಅದನ್ನು ಹಿಡಿಯಲು ಮುಂದೊಬ್ಬರು, ಹಿಂದೊಬ್ಬರು ಬೇಕು. ದುಡಿಯುವ ಪ್ರಾಯದವರೇ ಕಡಿಮೆಯಾಗಿ, ಹೊರುವ ಆಳುಗಳ ಹಿಂದೆ ಊರೇ ಬಿದ್ದಿದೆ. ಅಕ್ಕಪಕ್ಕದಲ್ಲಿ ಕೇಳೋಣವೆಂದರೆ ಅಲ್ಲೂ ಮನೆಗೊಂದೇ ಮಗು, ಆ ಒಂದರ ತಲೆಯ ಮೇಲೆ ಅಪ್ಪ, ಅಮ್ಮ, ಅತ್ತೆ, ಮಾವ. ಒಂದು ದಿನ ಅಕ್ಕ ಹಲ್ಲು ಕಚ್ಚಿ ಅಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯಹೋಗಿ, ಟೈಲರಮ್ಮನ ಬಾಗಿಲ ಕೆಳಗಿನ ತಿರುವಿನಲ್ಲಿ ಮುಗ್ಗರಿಸಿದಳು. ಕೈಗೆ ಕಂಬಿ ಸಿಕ್ಕಿದ್ದರಿಂದ ಇಬ್ಬರೂ ಬಚಾವಾದರು.

ಟೈಲರಮ್ಮನ ಮಗಳು ಬಸ್ ಓಡಿಸುತ್ತಾಳೆ, ಗಟ್ಟಿ ತೋಳಿನವಳು, ಬೆಳಿಗ್ಗೆ ಮನೆಯಲ್ಲೇ ಇರುತ್ತಾಳೆ. ಅವಳನ್ನೇ ಕೇಳುವುದೆಂದು ಅಕ್ಕ ನಿಶ್ಚಯಿಸಿದಳು.

"ಆ ಮನೆಗೆ ಮಾತ್ರ ಹೋಗ್ಬೇಡ" ಎಂದಳು ಅಮ್ಮ. "ನಾನು ಹೀಗೇ ಬಿದ್ಕೊಂಡಿರ್ತೀನಿ."

"ಬಿದ್ಕೊಳ್ಳೋಳು ನೀನು, ಎತ್ತಿ ಕೂರಿಸೋಳು ನಾನು ತಾನೆ? ಹೋಗೇ ಹೋಗ್ತೀನಿ."

ಬಾಗಿಲು ತೆರೆದ ಟೈಲರಮ್ಮ ಗೋಡೆ ಹಿಡಿದು ನಿಂತಿದ್ದಳು. ಮಂಡಿನೋವಿನಿಂದಾಗಿ ಅವಳೂ ಬೀದಿಯ ಮುಖ ನೋಡಿ ವರ್ಷವಾಗಿತ್ತು. ಅಕ್ಕ ಮಾತು ಮುಗಿಸುವ ಮೊದಲೇ ಅವಳು ಸಿಡಿದಳು.

"ಆ ಕುರ್ಚಿ ಹಿಡಿಯೋಕೆ ನನ್ನ ಮನೇಲಿ ಇನ್ನೊಂದು ಜೊತೆ ಕೈ ಇರ್ತಿತ್ತು. ಬೇಡ ಅಂದೋಳು ನಿಮ್ಮಮ್ಮ. ಈಗ ನೀನೂ ಅವಳ ಹಾಗೇ ಬಾಗಿಲಲ್ಲಿ ಕೂತ್ಕೋತೀಯಾ?"

ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಜಗ್ಗಲಿಲ್ಲ.

"ಕೂತ್ಕೋತೀನಿ, ಹಟ ಅವಳದ್ದೇ. ಅವಳ ಪರವಾಗಿ ಕ್ಷಮೆ ಕೇಳೋಕೆ ಬಂದಿಲ್ಲ, ಅದು ಅವಳೇ ಕೇಳ್ಬೇಕಾದ್ದು. ನಾನೂ ನಿಮ್ಮ ಮಗಳೂ ಸೇರಿ ಮೊದ್ಲು ನಿಮ್ಮನ್ನ ಇಳಿಸ್ತೀವಿ. ಆಮೇಲೂ ನಮ್ಮಮ್ಮನ್ನ ಎತ್ತಬೇಡ ಅಂತ ಮಗಳಿಗೆ ಹೇಳ್ತೀರಾ, ಹೇಳಿ. ನಿಮ್ಮನ್ನ ಇಳಿಸೋಕೆ ನಾನಂತೂ ವಾರವಾರ ಬರ್ತೀನಿ."

"ಅಮ್ಮಾ," ಒಳಗಿನಿಂದ ಮಗಳು ಕೂಗಿದಳು, "ನಿನ್ನ ಒಬ್ಬಳೇ ಎತ್ತಿ ಎತ್ತಿ ನನ್ನ ಸೊಂಟಾನೂ ಬಿದ್ದೋಯ್ತು. ಹೂಂ ಅನ್ನು."

ಟೈಲರಮ್ಮ ಹೂಂ ಅನ್ನಲಿಲ್ಲ, ಚಪ್ಪಲಿ ಹುಡುಕಿದಳು.

ಅಕ್ಕನೂ ಮಗಳೂ ಸೇರಿ ಅವಳನ್ನು ಕುರ್ಚಿಯಲ್ಲಿ ಇಳಿಸಿದರು. ಅವಳು ಬಿಸಿಲಲ್ಲಿ ಕೂತು ಬೀದಿಯನ್ನು ಕಣ್ತುಂಬ ನೋಡಿದಳು. ತಾನು ಹೊಲಿದ ಲಂಗ, ಚಡ್ಡಿಗಳನ್ನು ಮಾರುತ್ತಿದ್ದ ಮಕ್ಕಳ ಬಟ್ಟೆಯಂಗಡಿಯಲ್ಲಿ ಈಗ ಕಿವುಡರ ಯಂತ್ರ ಮಾರುತ್ತಿದ್ದರು. ಬಿಸಿಲೇರಿದ ಮೇಲೆ ಅವಳನ್ನು ಮತ್ತೆ ಮೇಲೆ ತಂದು ಬಿಟ್ಟರು.

ಮರುದಿನ ಬೆಳಿಗ್ಗೆ ಟೈಲರಮ್ಮನ ಮಗಳು ತಾನಾಗಿಯೇ ಬಂದು ಕುರ್ಚಿಯ ಹಿಂದಿನ ಹಿಡಿಗೆ ಕೈ ಹಾಕಿದಳು.

"ನಿಮ್ಮಮ್ಮ ಏನಂದ್ರು?" ಅಕ್ಕ ಕೇಳಿದಳು.

"ಏನೂ ಅನ್ಲಿಲ್ಲ. ಬೇಡ ಅಂತಾನೂ ಅನ್ಲಿಲ್ಲ."

ಅಮ್ಮನನ್ನು ಕುರ್ಚಿಯಲ್ಲಿ ಹೊತ್ತು ಕೆಳಗಿನ ಮಹಡಿಗೆ ಬಂದಾಗ ಟೈಲರಮ್ಮ ಬಾಗಿಲಲ್ಲೇ ನಿಂತಿದ್ದಳು. "ನಿಲ್ಸಿ" ಎಂದಳು ಅಮ್ಮ. ಕುರ್ಚಿಯನ್ನು ಕೆಳಗಿಟ್ಟರು. ಬೀದಿಯ ಬಾಯಿ ಮುಚ್ಚಿಸಿದವಳು ಟೈಲರಮ್ಮನ ಕಡೆ ಬಾಗಿದಳು.

"ನಿನ್ನ ಮಗು... ತಪ್ಪು ಮಾಡ್ದೆ. ಒಂದಿನಾನೂ ಮರ್ತಿಲ್ಲ."

ಟೈಲರಮ್ಮ ಬಾಗಿಲು ಹಿಡಿದು ಒಂದು ಹೆಜ್ಜೆ ಮುಂದೆ ಬಂದಳು.

"ಮರೀಬೇಡ" ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ಹಿಂದ್ಗಡೆ ಎತ್ತಿ ಹಿಡಿ ಕಣೆ, ಮುಂದೆ ತಿರುವಿದೆ. ಬೀಳ್ಸಿಬಿಟ್ಟೀಯ" ಎಂದಳು.